ದಂಡನಾಯಕನ ತಲೆಗೆ ಅತ್ತೆಯ ಅಂಚು

ಯಾರಾದರೂ ನಿಮ್ಮ ಮುಂದೆ ಕೂತು 'ಇದು ತುಂಬಾ ಸುಲಭ' ಅಂದರೆ ದಯವಿಟ್ಟು ಅಲ್ಲಿಂದ ಎದ್ದು ಹೋಗಿಬಿಡಿ. ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ, ಬರಿಗಾಲಲ್ಲೇ ಹೋಗಿ. 'ಕಷ್ಟ' ಅಂದವರಿಂದ ನನಗೆ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ. 'ಬಹಳ ಕಷ್ಟ ಐತೆ ಸಾ' ಎಂದು ತಲೆ ಕೆರೆದುಕೊಂಡ ಪ್ಲಂಬರು ಮಾರನೆಯ ದಿನವೇ ನಲ್ಲಿ ರಿಪೇರಿ ಮಾಡಿಕೊಟ್ಟು ಹೋದ. ನನ್ನನ್ನು ಹಾಳು ಮಾಡಿದವರೆಲ್ಲ ಸುಲಭ ಅಂದವರೇ. ಅವರಲ್ಲಿ ಅಗ್ರಗಣ್ಯನೆಂದರೆ ನನ್ನ ಮೊಬೈಲಿನೊಳಗಿನ ಒಬ್ಬ ಯುವಕ. ಬಿಳೀ ಷರ್ಟು ಹಾಕಿಕೊಂಡು, ಬಾಯ್ತುಂಬ ನಗುತ್ತಾ, 'ಕಾಗದ, ರೆಸಿನ್ನು, ಕಾರಿನ ತಗ್ಗು ತುಂಬೋ ಪುಟ್ಟಿ, ಇಷ್ಟಿದ್ರೆ ಯಾವ ಶಿರಸ್ತ್ರಾಣ ಬೇಕಾದ್ರೂ ಮನೇಲೇ ಮಾಡ್ಕೋಬಹುದು ಫ್ರೆಂಡ್ಸ್, ತುಂಬಾ ಸಿಂಪಲ್' ಎಂದ. ವಿಡಿಯೋ ಮುಗಿಯುವ ಹೊತ್ತಿಗೂ ಅವನ ಬಿಳೀ ಷರ್ಟು ಬೆಳ್ಳಗೇ ಇತ್ತು. ನನಗೆ ಅನುಮಾನ ಬರಬೇಕಾಗಿದ್ದುದು ಅಲ್ಲೇ. ಬರಲಿಲ್ಲ. ಆಗ ನನಗೆ ಶಿರಸ್ತ್ರಾಣದ ಅಗತ್ಯ ಅಷ್ಟಿತ್ತು.

ಒಬ್ಬ ಗುಮಾಸ್ತನಿಗೆ ಶಿರಸ್ತ್ರಾಣವೇಕೆ ಎಂದು ನೀವು ಕೇಳಬಹುದು. ನಮ್ಮ ಆಫೀಸಿನಲ್ಲೂ ಕೇಳಿದರು, ನಗುತ್ತಾ ಕೇಳಿದರು, ಅದನ್ನು ನಾನು ಮರೆತಿಲ್ಲ. ನಾನು ಕೊಳ್ಳೇಗಾಲದ ನೇಕಾರರ ಬೀದಿಯವನು. ಕೆಲಸ ಯಳಂದೂರಿನಲ್ಲಿ, ದಿನಾ ಬಸ್ಸು. ಇವೆರಡರ ನಡುವೆ ನನ್ನ ಬದುಕಿನಲ್ಲಿ ಇರುವ ಒಂದೇ ಒಂದು ಸಂತೋಷವೆಂದರೆ ಹನೂರಿನ ಹವ್ಯಾಸಿ ನಾಟಕ ತಂಡ. ನಿವೃತ್ತ ಶಿಕ್ಷಕರಾದ ಮಾದೇಶ್ ಮೇಷ್ಟ್ರು ಅದರ ಕವಿ, ನಿರ್ದೇಶಕ, ಪರದೆ ಎಳೆಯುವವರು ಎಲ್ಲವೂ. ಭಾನುವಾರ ಭಾನುವಾರ ಅವರ ಮನೆಯ ಅಂಗಳದಲ್ಲಿ ರಿಹರ್ಸಲ್ಲು. ಆ ತಂಡದಲ್ಲಿ ನಾನು ವರ್ಷಾನುಗಟ್ಟಲೆ ದ್ವಾರಪಾಲಕ. ಈಟಿ ಹಿಡಿದು ನಿಂತು, 'ಪ್ರಭುಗಳೇ, ದೂತ ಬಂದಿದ್ದಾನೆ' ಎನ್ನಬೇಕು. ದೂತ ಬಂದು ಒಂದು ಪುಟ ಮಾತಾಡುತ್ತಾನೆ, ಪ್ರಭುಗಳು ಎರಡು ಪುಟ ಮಾತಾಡುತ್ತಾರೆ, ನನಗೆ ಮಾತ್ರ ಕಾಲು ಜೋಮು ಹಿಡಿಯುತ್ತದೆ. ಒಂದು ಸಲ ದೂತನೇ ಬರಲಿಲ್ಲ, ನಾನು ಮಾತ್ರ ಬಂದಿದ್ದಾನೆ ಎಂದುಬಿಟ್ಟಿದ್ದೆ. ಅದಕ್ಕೂ ಬೈಸಿಕೊಂಡವನು ನಾನೇ!

ಈ ಸಲ ಮೇಷ್ಟ್ರು ಬರೆದ ಹೊಸ ನಾಟಕದಲ್ಲಿ ನನಗೆ ದಂಡನಾಯಕನ ಪಾತ್ರ ಸಿಕ್ಕಿತು. ಮೊದಲು ಆ ಪಾತ್ರಕ್ಕೆ ಆರಿಸಿದ್ದವರಿಗೆ ಬೇರೆ ಊರಿಗೆ ವರ್ಗವಾಗಿತ್ತು ಎಂಬುದು ನಿಜ, ಆದರೆ ಅದನ್ನೇ ದೊಡ್ಡದು ಮಾಡಿ ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಕೊನೆಯ ದೃಶ್ಯ ಇಡೀ ನನ್ನದು. ಪ್ರಜೆಗಳ ಮನೆ ಸುಡಲು ಪಾಳೇಗಾರ ಅಪ್ಪಣೆ ಕೊಡುತ್ತಾನೆ. ದಂಡನಾಯಕ ಸಿಡಿದೆದ್ದು, ತಲೆಯ ಮೇಲಿನ ಶಿರಸ್ತ್ರಾಣ ಕಿತ್ತು, 'ಅನ್ಯಾಯದ ಅನ್ನ ತಿಂದ ಈ ತಲೆಗೆ ನಿನ್ನ ಶಿರಸ್ತ್ರಾಣದ ಹಂಗೇಕೆ? ತೆಗೆದುಕೋ!' ಎಂದು ಅವನ ಪಾದದ ಬಳಿಗೆ ರಪ್ಪನೆ ಎಸೆಯಬೇಕು. ಅಲ್ಲಿಗೆ ಪರದೆ. ಇಂಥ ಒಂದು ಎಸೆತಕ್ಕಾಗಿ ನಾನು ಎಷ್ಟು ವರ್ಷ ಈಟಿ ಹಿಡಿದಿದ್ದೆ ಎಂಬುದು ಈಟಿಗೇ ಗೊತ್ತು. ಆದರೆ ಎಸೆಯಲು ಶಿರಸ್ತ್ರಾಣ ಬೇಕಲ್ಲ? ನಾಟಕದ ಸಾಮಾನು ಬಾಡಿಗೆಗೆ ಕೊಡುವವನು ನನ್ನ ತಲೆಯನ್ನು ಸುತ್ತಲೂ ನೋಡಿ, 'ನಿಮ್ ತಲೆಗೆ ಆಗೋದು ನಮ್ತಾವು ಇಲ್ಲ ಸಾ. ಇದ್ರೂ ಎಸೆಯೋ ಪಾರ್ಟಿಗೆ ಕೊಡಕಿಲ್ಲ' ಅಂದ. ನನ್ನ ತಲೆ ಸ್ವಲ್ಪ ದೊಡ್ಡದು, ಒಪ್ಪುತ್ತೇನೆ. ಹಾಗಂತ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೆ ಟೇಪು ಹಿಡಿದು ಅಳೆದು, ಪಕ್ಕದವನಿಗೆ ತೋರಿಸುವುದೆ? ಮೈಯೆಲ್ಲ ಉರಿದುಹೋಯಿತು. ನನ್ನ ತಲೆಗೆ ನಾನೇ ಮಾಡಿಕೊಳ್ಳುತ್ತೇನೆ, ಎಷ್ಟು ಎಸೆದರೂ ಒಡೆಯದ ಹಾಗೆ ಮಾಡಿಕೊಳ್ಳುತ್ತೇನೆ ಎಂದು ಅಲ್ಲೇ ಶಪಥ ಮಾಡಿದೆ.

ಮೊದಲು ಕಾಗದ. ಬಿಳೀ ಷರ್ಟಿನವನು ಕೊಟ್ಟ ನಕ್ಷೆಯನ್ನು ಪ್ರಿಂಟ್ ಹಾಕಿಸಿ, ಗೆರೆಯ ಮೇಲೆ ಕತ್ತರಿಸಿ, ಚುಕ್ಕಿಯ ಮೇಲೆ ಮಡಚಿ, ನಂಬರಿಗೆ ನಂಬರ್ ಸೇರಿಸಿ ಅಂಟಿಸಬೇಕು. ಪ್ರಿಂಟ್ ಅಂಗಡಿಯವನು ಹಾಳೆಗೆ ಸರಿಹೊಂದಲಿ ಎಂದು ನನ್ನನ್ನು ಕೇಳದೆ ನಕ್ಷೆಯನ್ನೇ ಕುಗ್ಗಿಸಿದ. ನಾನು ಒಂದು ವಾರ ಕೂತು ಅಂಟಿಸಿದ ಮೇಲೆ ಗೊತ್ತಾಯಿತು, ಅದು ತೆಂಗಿನಕಾಯಿಗೆ ಸರಿಯಾಗಿ ಕೂರುತ್ತದೆ, ಮನುಷ್ಯರಿಗಲ್ಲ. ಹೋಗಿ ಕೇಳಿದರೆ, 'ಹಾಳೆ ಅಷ್ಟೇ ಸಾ ಇರೋದು' ಎಂದು ನನಗೇ ಬುದ್ಧಿ ಹೇಳಿದ. ಎರಡನೆಯದನ್ನು ನನ್ನ ತಲೆಯ ಅಳತೆಗೇ ಮಾಡಿ ರೆಸಿನ್ ಬಳಿದೆ. ರೆಸಿನ್ ಎಂದರೆ ಜೇನುತುಪ್ಪದಂಥ ಒಂದು ದ್ರವ. ಅದಕ್ಕೆ ಹಾರ್ಡ್‌ನರ್ ಹನಿ ಬೆರೆಸಿ ಬಳಿದರೆ ಕಾಗದ ಕಲ್ಲಾಗುತ್ತದಂತೆ. ನನ್ನ ಕಾಗದ ಕಲ್ಲಾಗುವ ಮೊದಲು ಒದ್ದೆಯಾಗಿ, ಮೆತ್ತಗಾಗಿ, ಒಂದು ಕಡೆಗೆ ವಾಲಿಕೊಂಡು, ಆಮೇಲೆ ವಾಲಿಕೊಂಡೇ ಕಲ್ಲಾಯಿತು. ಹಾಕಿಕೊಂಡರೆ ಬಲಗಣ್ಣು ಕಾಣುತ್ತಿತ್ತು, ಎಡಗಣ್ಣು ಇರಬೇಕಾದ ಜಾಗದಲ್ಲಿ ಕಿವಿ ಬರುತ್ತಿತ್ತು. ದಪ್ಪ ಕಾಗದ ಬೇಕು ಎಂದು ಆಗ ಅರ್ಥವಾಯಿತು. ಇದನ್ನು ಆ ಯುವಕ ಮೊದಲೇ ಹೇಳಬಹುದಿತ್ತಲ್ಲ? ನಗುವುದಕ್ಕೆ ಪುರುಸೊತ್ತಿತ್ತು, ಇದಕ್ಕಿರಲಿಲ್ಲ!

ನಮ್ಮ ಮನೆಯ ಅಟ್ಟದ ಮೇಲೆ ದಪ್ಪ ರಟ್ಟು ರಾಶಿ ಇತ್ತು. ಅದರ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಪ್ಪ ನೇಕಾರರು. ನನ್ನ ಕೈಗೆ ಲಾಳಿ ಕೊಟ್ಟಾಗಲೆಲ್ಲ ಎಳೆ ಕಡಿದು ಹೋಗುತ್ತಿದ್ದರಿಂದ ನನ್ನನ್ನು ಓದಲು ಬಿಟ್ಟರು. ಅವರ ಮಗ್ಗ ಈಗಲೂ ನಡುಮನೆಯಲ್ಲೇ ಇದೆ, ಅದರಲ್ಲಿ ನನ್ನ ಹೆಂಡತಿ ಗಿರಿಜಾ ರೇಷ್ಮೆ ಸೀರೆ ನೇಯುತ್ತಾಳೆ. ಅವಳೂ ನೇಯುವವರ ಮನೆಯಿಂದಲೇ ಬಂದವಳು, ಅವಳ ಕೆಲಸಕ್ಕೆ ನಮ್ಮಪ್ಪನೇ ತಲೆದೂಗುತ್ತಿದ್ದರು. ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಎಂಬ ಯಂತ್ರ ಕೂತಿರುತ್ತದೆ. ಅದಕ್ಕೆ ತೂತು ಹೊಡೆದ ಉದ್ದುದ್ದ ರಟ್ಟಿನ ಪಟ್ಟಿಗಳನ್ನು ದಾರದಲ್ಲಿ ಪೋಣಿಸಿ ಮಾಲೆಯಂತೆ ತೊಡಿಸುತ್ತಾರೆ. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಒಂದೊಂದೇ ಪಟ್ಟಿ ತಿರುಗಿದಂತೆ ಸೀರೆಯ ಅಂಚಿನಲ್ಲಿ ಹೂವೋ ಹಕ್ಕಿಯೋ ಮೂಡುತ್ತದೆ. ಈ ಪಟ್ಟಿಗಳನ್ನು ನಮ್ಮಲ್ಲಿ ಕಾರ್ಡು ಅನ್ನುತ್ತೇವೆ. ಅಪ್ಪನ ಕಾಲದ ಹಳೇ ಕಾರ್ಡುಗಳನ್ನು ಅಟ್ಟಕ್ಕೆ ಎಸೆದಿದ್ದಾರೆ ಎಂದು ನಾನು ತಿಳಿದಿದ್ದೆ. ಗಿರಿಜಾ ಮಧುವನಹಳ್ಳಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದಳು. ಏಣಿ ಹತ್ತಿ ನೋಡಿದರೆ ಹಳೇ ಪಂಚೆಯಲ್ಲಿ ಸುತ್ತಿದ ಒಂದು ಕಟ್ಟು. ಗಟ್ಟಿ ಕಾರ್ಡುಗಳು, ಹೇಳಿ ಮಾಡಿಸಿದಂಥ ಅಗಲ. ಮೊದಲ ಕಾರ್ಡಿನ ಮೇಲೆ ಅರಿಶಿನ ಕುಂಕುಮ ಇತ್ತು. ಶುಭವಾಯಿತು ಎಂದುಕೊಂಡು ಅದನ್ನು ಹಣೆಯ ಭಾಗಕ್ಕೆ ಎತ್ತಿಟ್ಟೆ. ದಾರ ಕತ್ತರಿಸಿ, ಪಟ್ಟಿಗಳನ್ನು ಬಾಗಿಸಿ, ಒಂದರ ಮೇಲೊಂದು ಮೂರು ಪದರ ಅಂಟಿಸಿದೆ. ಏನು ಬಿಗಿ, ಏನು ಆಕಾರ! ನಿಜಕ್ಕೂ ಯುದ್ಧಕ್ಕೆ ಹೋಗಬಹುದಿತ್ತು.

ಒಂದೇ ತಾಪತ್ರಯವೆಂದರೆ ತೂತು. ಬಳಿದ ರೆಸಿನ್ನೆಲ್ಲ ತೂತುಗಳಿಂದ ಒಳಗಿಳಿದು ನನ್ನ ಪಂಚೆಯ ಮೇಲೆ ತೊಟ್ಟಿಕ್ಕಿತು. ಆ ಪಂಚೆ ಈಗ ನಾನಿಲ್ಲದಿದ್ದರೂ ತಾನೇ ನಿಲ್ಲುತ್ತದೆ. ಹೊರಮೈಯ ತೂತು ಮುಚ್ಚಲು ಪುಟ್ಟಿ ಬೇಕಾಯಿತು. ಬೈಪಾಸಿನ ಗ್ಯಾರೇಜಿಗೆ ಹೋಗಿ ಕೇಳಿದರೆ, ಅಲ್ಲಿಯ ಪೇಂಟರು, 'ಯಾವ ಗಾಡಿಗೆ ಸಾ?' ಅಂದ. ತಲೆಗೆ ಅಂದೆ. ಅವನು ನನ್ನ ತಲೆಯ ಮೇಲೆ ತಗ್ಗು ಹುಡುಕತೊಡಗಿದ. ವಿವರಿಸಿದ ಮೇಲೆ, 'ಅಯ್ಯೋ, ಮಾರ್ಕೆಟಲ್ಲಿ ಒಳ್ಳೊಳ್ಳೆ ಹೆಲ್ಮೆಟ್ ಸಿಗ್ತವಲ್ಲ ಸಾ, ಒಂದು ತಕಂಡು ಆಕಂಡು ಓಗಿ' ಅಂದ. ಕಲೆಯ ವಿಷಯದಲ್ಲಿ ಈ ಊರಿನ ಮಟ್ಟ ಇಷ್ಟು. ಪುಟ್ಟಿಗೆ ಕೆಂಪು ಹಾರ್ಡ್‌ನರ್ ಬೆರೆಸಿದ ಕೂಡಲೇ ಹಚ್ಚಿಬಿಡಬೇಕು, ಇಲ್ಲದಿದ್ದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದ ಪಾತ್ರೆ ಗಿರಿಜಾಳ ಒಗ್ಗರಣೆ ಬಾಣಲೆಯಾಗಿತ್ತು. ಅದನ್ನು ತಂಗಿಯ ಮನೆಯಿಂದ ಬಂದವಳು ನೋಡಿ ಮೂಲೆಗೆ ಸರಿಸಿದಳು. 'ಧೂಳು ಮಗ್ಗದ ಮ್ಯಾಲೆ ಬಿದ್ರೆ ಮಾತ್ರ ನಾನು ಸುಮ್ನಿರಕಿಲ್ಲ' ಎಂದಷ್ಟೇ ಹೇಳಿ ಮಗ್ಗಕ್ಕೆ ಪ್ಲಾಸ್ಟಿಕ್ ಹೊದಿಸಿದಳು. ನಾನು ಮಹಡಿಯ ಮೇಲೆ ಕೂತು ತೂತು ಮುಚ್ಚಿದೆ. ಒಂದೊಂದೇ ತೂತಿಗೆ ಕಡ್ಡಿಯ ತುದಿಯಲ್ಲಿ ಪುಟ್ಟಿ ಇಟ್ಟು, ಒತ್ತಿ, ಸವರಿ, ಉಪ್ಪುಕಾಗದದಲ್ಲಿ ಉಜ್ಜಿದೆ. ಬೆರಳಿನ ಚರ್ಮ ಸವೆಯಿತು, ಮೂಗಿನೊಳಗೆ ಪುಟ್ಟಿ, ಚಟ್ನಿಯಲ್ಲಿ ಪುಟ್ಟಿ. ಅಕ್ಕಪಕ್ಕದವರು ರೆಸಿನ್ ವಾಸನೆಗೆ ಕಿಟಕಿ ಹಾಕಿಕೊಂಡು ನನ್ನ ಬಗ್ಗೆ ಮಾತಾಡಿಕೊಂಡರು. ಒಂದೇ ಒಂದು ತೂತನ್ನೂ ನಾನು ಬಿಡಲಿಲ್ಲ. ಜೀವನದಲ್ಲಿ ಅಷ್ಟು ತಾಳ್ಮೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿದವನಲ್ಲ.

ಕೊನೆಗೆ ಹಿತ್ತಾಳೆ ಬಣ್ಣ ಹೊಡೆದು, ಒಣಗಿಸಿ, ಕನ್ನಡಿಯ ಮುಂದೆ ನಿಂತು ಹಾಕಿಕೊಂಡೆ. ಕೂತಿತು! ಹುಟ್ಟಿದ ಲಾಗಾಯ್ತು ನನ್ನ ತಲೆಗೆ ಸರಿಯಾಗಿ ಕೂತ ಮೊದಲ ವಸ್ತು ಅದು. ನನಗೆ ಕಣ್ಣಲ್ಲಿ ನೀರೇ ಬಂತು, ಸುಳ್ಳು ಯಾಕೆ ಹೇಳಲಿ. ಅದನ್ನು ಹಾಕಿಕೊಂಡೇ ನಡುಮನೆಗೆ ಬಂದರೆ ಗಿರಿಜಾ ಅಟ್ಟದ ಏಣಿಯ ಮೇಲಿದ್ದಾಳೆ. ಕೆಳಗೆ ಅವಳ ತಂಗಿ ಒಂದು ಚೀಲ ರೇಷ್ಮೆ ನೂಲು ಹಿಡಿದು ನಿಂತಿದ್ದಾಳೆ.

'ಇಲ್ಲಿದ್ದ ಕಾರ್ಡಿನ ಕಟ್ಟು ಏನಾಯ್ತು ಕಣ್ರಿ?'

'ಯಾವ ಕಟ್ಟು? ಅಪ್ಪನ ಹಳೇದಾ?'

'ನಿಮ್ಮಪ್ಪಂದ್ಯಾಕಾದಾತು? ನಮ್ಮವ್ವಂದು. ಜೋಡಿ ಗಿಳಿ ಅಂಚಿಂದು. ಪಂಚೇಲಿ ಸುತ್ತಿ ಇಟ್ಟಿದ್ನಲ್ಲ.'

ಜೋಡಿ ಗಿಳಿ ಅಂಚನ್ನು ನನ್ನ ಅತ್ತೆ ತಾವೇ ಚೌಕಳಿ ಹಾಳೆಯ ಮೇಲೆ ಬರೆದು, ಕಾರ್ಡು ಹೊಡೆಸಿದ್ದು. ಎದುರುಬದುರು ಕೂತ ಎರಡು ಗಿಳಿ, ನಡುವೆ ಮಾವಿನಕಾಯಿ. ಗಿರಿಜಾ ಮದುವೆಯಾಗಿದ್ದು ಅದೇ ಅಂಚಿನ ಸೀರೆಯಲ್ಲಿ, ಅವಳ ತಂಗಿಯೂ ಅದರಲ್ಲೇ. ಅತ್ತೆ ಈಗಿಲ್ಲ. ತಂಗಿಯ ಮಗಳಿಗೆ ಮದುವೆ ಗೊತ್ತಾಗಿ, ಅವಳ ಸೀರೆಗೂ ಅದೇ ಅಂಚು ನೇಯುತ್ತೇನೆಂದು ಗಿರಿಜಾ ಮಾತು ಕೊಟ್ಟು ಬಂದಿದ್ದಳು. ಮಧುವನಹಳ್ಳಿಗೆ ಹೋಗಿದ್ದೇ ಆ ಮಾತುಕತೆಗಂತೆ. ಇದನ್ನೆಲ್ಲ ನನಗೆ ಯಾರಾದರೂ ಹೇಳಿದ್ದರೇ? ಹೇಳಿದ್ದೆ, ನೀವು ಡೈಲಾಗು ಬಾಯಿಪಾಠ ಮಾಡ್ತಾ ಕೂತಿದ್ರಿ ಎಂದು ಅವಳ ವಾದ.

ನಾನು ತಲೆಯ ಮೇಲೆ ಕೈಯಿಟ್ಟೆ. ಅಂದರೆ, ಶಿರಸ್ತ್ರಾಣದ ಮೇಲೆ. ಗಿರಿಜಾ ನನ್ನ ಕೈಯನ್ನು ನೋಡಿದಳು, ಶಿರಸ್ತ್ರಾಣ ನೋಡಿದಳು, ಏಣಿ ಇಳಿದು ಬಂದಳು. ಅವಳ ದನಿ ತೀರ ಸಣ್ಣದಾಗಿತ್ತು.

'ತೂತು?'

'ಮುಚ್ಚಿದ್ದೀನಿ' ಅಂದೆ. 'ಒಂದನ್ನೂ ಬಿಟ್ಟಿಲ್ಲ.'

ಅದು ಯಾಕೆ ಹಾಗೆ ಜಂಬದಿಂದ ಹೇಳಿದೆನೋ ಶಿವನೇ ಬಲ್ಲ. ಗಿರಿಜಾ ಮಗ್ಗದ ಕಟ್ಟೆಯ ಮೇಲೆ ಕೂತುಬಿಟ್ಟಳು. 'ನೇಯೋರ ಮಗ ನೀವು. ಕಾರ್ಡಿನ ತೂತು ಮುಚ್ಚುದ್ರಾ?' ಎಂದಳು. ಅಷ್ಟೇ. ಕಟ್ಟಿನ ಮೇಲೆ ಅತ್ತೆಯ ಹೆಸರು ಇರಲಿಲ್ಲ, ಅಟ್ಟ ನನ್ನದು, ಏಣಿ ನನ್ನದು ಎಂದೆಲ್ಲ ನಾನು ವಾದ ಮಾಡಿದೆ. ಅವಳ ತಂಗಿ ನೂಲಿನ ಚೀಲವನ್ನು ಎದೆಗವಚಿಕೊಂಡು ನನ್ನನ್ನು ನೋಡುತ್ತಿದ್ದ ರೀತಿ ನೋಡಿ ಬಾಯಿ ಮುಚ್ಚಿದೆ. ನೇಕಾರರ ಬೀದಿಯಲ್ಲಿ ಕುಡಿದು ಬಂದವರನ್ನು ಕ್ಷಮಿಸಿದ್ದಾರೆ, ಇಸ್ಪೀಟು ಆಡಿದವರನ್ನು ಕ್ಷಮಿಸಿದ್ದಾರೆ. ಕಾರ್ಡಿನ ತೂತನ್ನು ಒಂದೊಂದಾಗಿ ಹುಡುಕಿ ಪುಟ್ಟಿ ತುಂಬಿದವನು ನನಗಿಂತ ಮುಂಚೆ ಅಲ್ಲಿ ಹುಟ್ಟಿರಲಿಲ್ಲ. ರಾತ್ರಿಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಮಾರನೆಯ ಬೆಳಗ್ಗೆ ಎದುರುಮನೆಯ ಅಜ್ಜಿ ನನ್ನನ್ನು ಕಂಡು, ತಮ್ಮ ಜಗುಲಿಯ ಮೇಲಿದ್ದ ಕಾರ್ಡಿನ ಕಟ್ಟನ್ನು ಎತ್ತಿ ಒಳಗಿಟ್ಟರು.

ಸೀರೆಯ ಗತಿ ಏನು ಎಂದು ನಿಮಗೆ ಚಿಂತೆಯಾಗಿರಬೇಕು. ಅದಕ್ಕೆ ದಾರಿ ಸಿಕ್ಕಿತು. ಗಿರಿಜಾ ತನ್ನ ಮದುವೆ ಸೀರೆಯನ್ನು ಡಿಸೈನ್ ಮಾಡುವವರ ಹತ್ತಿರ ಒಯ್ದಳು. ಅವರು ಅಂಚನ್ನು ಕಂಪ್ಯೂಟರಿಗೆ ಹಾಕಿ, ಹೊಸ ಕಾರ್ಡು ಹೊಡೆದು ಕೊಟ್ಟರು. ಗಿಳಿಗಳು ಬಂದವು. ಹಾಗಾದರೆ ನನ್ನ ತಪ್ಪು ವಜಾ ಆಗಬೇಕಲ್ಲವೆ? ನ್ಯಾಯ ಹೇಳಿ. ನಾನು ಅದನ್ನೇ ಅಂದೆ. 'ಹೊಸಾ ಕಾರ್ಡು ಗಿಳೀನ ತರ್ತದೆ. ಅವ್ವ ಮುಟ್ಟಿದ್ದು ಆ ಕಾರ್ಡನ್ನೇ' ಎಂದಳು. ಆಮೇಲೆ ಶಿರಸ್ತ್ರಾಣವನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗಿ ಮಗ್ಗದ ಪಕ್ಕದ ಗೂಡಿನಲ್ಲಿಟ್ಟಳು. ಶುಕ್ರವಾರ ನೋಡುತ್ತೇನೆ, ಅದರ ಹಣೆಗೆ ಕುಂಕುಮ, ಮೇಲೊಂದು ಸೇವಂತಿಗೆ! ಮಾಡಿದವನು ನಾನು, ಚರ್ಮ ಸವೆಸಿದವನು ನಾನು, ತಲೆ ನನ್ನದು. ಮುಟ್ಟಬೇಕಾದರೆ ಮಾತ್ರ ಸ್ನಾನ ಮಾಡಿ ಬರಬೇಕು. ನಾಟಕಕ್ಕೆ ಕೊಡುತ್ತೀಯಾ ಎಂದು ಬಾಗಿಲಲ್ಲಿ ನಿಂತು ಕೇಳಿದೆ. 'ಕೊಡ್ತೀನಿ. ನೆಲಕ್ಕೆ ಆಕ್ಕೂಡದು' ಎಂದಳು. ಆಯಿತು ಎಂದೆ.

ಆ ಭಾನುವಾರ ಹನೂರಿಗೆ ಹೋಗಿ ಮೇಷ್ಟ್ರನ್ನು, ಎಸೆಯುವ ಬದಲು ದಂಡನಾಯಕ ಶಿರಸ್ತ್ರಾಣವನ್ನು ಗೌರವದಿಂದ ಪಾಳೇಗಾರನ ಕೈಗೆ ಕೊಡಬಹುದಲ್ಲವೆ ಎಂದು ಕೇಳಿದೆ. ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. 'ಎಸೀದೇ ಇದ್ರೆ ಅದೆಂಥಾ ದಂಡನಾಯಕ ಸಾ? ಈಟಿ ಇನ್ನೂ ಅಲ್ಲೇ ಐತೆ, ತಕಂಡು ಬಾಗ್ಲಲ್ಲಿ ನಿಂತ್ಕಳಿ' ಅಂದರು. ಪಾಳೇಗಾರನ ಪಾತ್ರ ಮಾಡುವವನು ಬಂಡಳ್ಳಿಯ ಗೊಬ್ಬರದ ಅಂಗಡಿ ಶಿವಮಲ್ಲು. ಅವನು ಮೀಸೆ ತಿರುವುತ್ತಾ, 'ಬುಡಿ ಮೇಷ್ಟ್ರೇ, ಪಾಪ, ಮನೇಲಿ ಏನೋ ಇರ್ಬೇಕು' ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಈಟಿಯನ್ನು ನೋಡಿದ ಕೂಡಲೇ ನನ್ನ ಕಾಲು ತಾನಾಗಿಯೇ ಜೋಮು ಹಿಡಿಯಿತು. ಎಸೆಯುತ್ತೇನೆ ಎಂದು ಮೇಷ್ಟ್ರಿಗೆ ಮಾತು ಕೊಟ್ಟೆ. ಮನೆಯಲ್ಲಿ ಎಸೆಯುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಇನ್ನೊಂದನ್ನು ಮಾಡಲು ಸಮಯವಿರಲಿಲ್ಲ, ರೆಸಿನ್ ಡಬ್ಬ ಇನ್ನು ಹೊಸ್ತಿಲು ದಾಟಬಾರದು ಎಂದು ಅಪ್ಪಣೆಯೂ ಆಗಿತ್ತು. ಎರಡು ಮಾತು, ಒಂದು ಶಿರಸ್ತ್ರಾಣ.

ನಾಟಕವಿದ್ದುದು ಹನೂರಿನ ಒಂದು ಕಲ್ಯಾಣ ಮಂಟಪದಲ್ಲಿ, ಭಾನುವಾರ ಮಧ್ಯಾಹ್ನ. ಗಿರಿಜಾ ತಂಗಿಯ ಜೊತೆ ಆಮೇಲೆ ಬರುತ್ತೇನೆಂದಳು. ಶಿರಸ್ತ್ರಾಣವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು, ಬೆಟ್ಟಕ್ಕೆ ಹೋಗುವ ಬಸ್ಸಿಗೆ ನನ್ನನ್ನು ಹತ್ತಿಸಿದಳು. ಬಸ್ಸಿನ ತುಂಬ ಮಾದಪ್ಪನ ಭಕ್ತರು. ನಾನು ಸೀಟು ಹಿಡಿದು, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ತಿರುವಿನಲ್ಲಿ ಬಟ್ಟೆ ಸರಿಯಿತು. ಪಕ್ಕದಲ್ಲಿ ನಿಂತಿದ್ದ ಒಬ್ಬಾಕೆ ಹಿತ್ತಾಳೆ ಬಣ್ಣ ನೋಡಿದಳು, ಹಣೆಯ ಕುಂಕುಮ ನೋಡಿದಳು, ದೇವರಿಗೆ ತೊಡಿಸುವ ಲೋಹದ ಕವಚ, ಕೊಳಗ ಎಂದುಕೊಂಡು ಕೈ ಮುಗಿದಳು. 'ಸ್ವಾಮೀನ ತೊಡೆ ಮ್ಯಾಲೆ ಇಕ್ಕಂಡಿದ್ದೀಯಲ್ಲಪ್ಪ, ಮ್ಯಾಲೆ ಏಳು, ಸೀಟ್ ಮ್ಯಾಲೆ ಕೂರ್ಸು' ಅಂದಳು. ಇದು ನಾಟಕದ್ದು ತಾಯಿ ಎಂದೆ. 'ಯಾವ ಊರಿಂದಾದ್ರೂ ಆಗ್ಲಿ, ಏಳು' ಅಂದಳು. ಹಿಂದಿನವರೂ ದನಿಗೂಡಿಸಿದರು. ನಂಬುತ್ತೀರೋ ಇಲ್ಲವೋ, ನಾನು ಹಿಡಿದ ಸೀಟಿನಲ್ಲಿ ಅದು ಆರಾಮಾಗಿ ಕೂತುಕೊಂಡು ಹನೂರಿಗೆ ಬಂತು. ನಾನು ಕಂಬಿ ಹಿಡಿದು ನೇತಾಡಿಕೊಂಡು ಬಂದೆ. ಕಂಡಕ್ಟರನು ಟಿಕೆಟ್ ಕೊಟ್ಟದ್ದು ಮಾತ್ರ ನನಗೆ.

ಕಲ್ಯಾಣ ಮಂಟಪ ತುಂಬಿತ್ತು. ನಾಟಕ ಚೆನ್ನಾಗಿಯೇ ನಡೆಯಿತು, ನನಗೆ ಒಂದು ಕಡೆ ಚಪ್ಪಾಳೆಯೂ ಬಿತ್ತು. ಕೊನೆಯ ದೃಶ್ಯ ಬಂತು. ಪಾಳೇಗಾರ ಶಿವಮಲ್ಲು ಸಿಂಹಾಸನದ ಮೇಲೆ ಕಾಲಮೇಲೆ ಕಾಲು ಹಾಕಿ, ಮನೆ ಸುಡುವ ಅಪ್ಪಣೆ ಕೊಟ್ಟ. ನಾನು ಶಿರಸ್ತ್ರಾಣ ಕಿತ್ತೆ, ಎರಡೂ ಕೈಯಲ್ಲಿ ಎತ್ತಿ ಹಿಡಿದೆ. 'ಅನ್ಯಾಯದ ಅನ್ನ ತಿಂದ ಈ ತಲೆಗೆ ನಿನ್ನ ಶಿರಸ್ತ್ರಾಣದ ಹಂಗೇಕೆ? ತೆಗೆದುಕೋ!' ಎಂದು ಗರ್ಜಿಸಿದೆ. ಗರ್ಜನೆ ಚೆನ್ನಾಗಿಯೇ ಬಂತು. ಕೈ ಮಾತ್ರ ಮೇಲೆಯೇ ನಿಂತಿತು. ಮುಂದಿನ ಸಾಲಿನಲ್ಲಿ ಗಿರಿಜಾ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದಳು. ಒಂದು ಕಡೆಯಲ್ಲಿ ಪರದೆಯ ಹಗ್ಗ ಹಿಡಿದಿದ್ದ ಮೇಷ್ಟ್ರು, 'ಎಸೀರಿ! ಎಸೀರಿ ಸಾ!' ಎಂದು ಪಿಸುಗುಟ್ಟಿದರು. ಆ ಪಿಸುಮಾತು ಕೊನೆಯ ಸಾಲಿಗೂ ಕೇಳಿಸಿತು. ಎಸೆದರೆ ಮನೆಗೆ ಹೇಗೆ ಹೋಗುವುದು, ಎಸೆಯದಿದ್ದರೆ ಈಟಿ. ಜನ ಗುಸುಗುಸು ಎನ್ನತೊಡಗಿದರು. ಆಗ ಆ ಶಿವಮಲ್ಲು ನಾಟಕದಲ್ಲಿ ಇಲ್ಲದ ಒಂದು ಮಾತು ಸೇರಿಸಿದ. 'ಯಾಕೆ ದಂಡನಾಯಕ, ಎಸೆಯಲೂ ಕೈ ನಡುಗುತ್ತಿದೆಯೋ?' ಎಂದು ಹೊಟ್ಟೆ ಕುಲುಕಿಸಿ ನಕ್ಕ.

ನನ್ನ ತಾಳ್ಮೆ ತೀರಿತು. ಅಳತೆ ತೆಗೆದ ಬಾಡಿಗೆಯವನು, ಕುಗ್ಗಿಸಿದ ಪ್ರಿಂಟಿನವನು, ಬಿಳೀ ಷರ್ಟಿನವನು, ಬಸ್ಸಿನ ಸೀಟು ಎಲ್ಲ ಒಟ್ಟಿಗೆ ನೆತ್ತಿಗೇರಿದವು. ದಂಡನಾಯಕನ ಭಾಷೆ ಎಲ್ಲಿ ಹೋಯಿತೋ.

'ಏಯ್, ಮುಚ್ಚಲಾ ಬಾಯಿ! ಬೇಕಾದಂಗೆ ಎಸೆಯೋಕೆ ಇದೇನು ನಿಮ್ಮಪ್ಪನ ಮನೆ ಆಸ್ತಿ ಅಂದ್ಕಂಡ್ಯಾ? ಇದು ನಮ್ಮತ್ತೆ ಮನೇದು ಕಣ್ಲಾ! ನಮ್ಮತ್ತೇದು!'

ಇಡೀ ಮಂಟಪದಲ್ಲಿ ಎದ್ದ ನಗುವಿಗೆ ಮೈಕು ಕೀರಲಿಟ್ಟಿತು. ಹೆಂಗಸರ ಕಡೆಯಿಂದ ಶಿಳ್ಳೆ ಬಂತು, ನನ್ನ ಕಿವಿಯಾಣೆಗೂ ಶಿಳ್ಳೆ. ಶಿವಮಲ್ಲು ಸಿಂಹಾಸನದಿಂದ ಜಾರಿ ಕೆಳಗೆ ಕೂತು ನಗುತ್ತಿದ್ದ. ನಾನು ಶಿರಸ್ತ್ರಾಣವನ್ನು ಕಂಕುಳಲ್ಲಿ ಇರುಕಿಕೊಂಡು, ದಂಡನಾಯಕನಿಗೆ ತಕ್ಕ ಗಾಂಭೀರ್ಯದಿಂದ ಒಳಗೆ ನಡೆದೆ. ಹೋಗುವಾಗ ಒಂದು ಸಲ ತಿರುಗಿ ನೋಡಿದೆ. ಗಿರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದರೆ ನನ್ನ ನಿಜವಾದ ದೂರು ಇನ್ನು ಮುಂದಿದೆ. ಬಹುಮಾನ ಕೊಡುವಾಗ ಮುಖ್ಯ ಅತಿಥಿಗಳು ನನ್ನ ಹೆಸರು ಕರೆದರು. ಎದೆಯುಬ್ಬಿಸಿ ಹೋದೆ. 'ಅತ್ಯುತ್ತಮ ಹಾಸ್ಯನಟ' ಎಂದು ಕೈಗೆ ಒಂದು ಫಲಕ ಕೊಟ್ಟರು! ನಾನು ಮೈಕು ಹಿಡಿದು, ಸ್ವಾಮಿ, ನಾನು ಹಾಸ್ಯ ಮಾಡಿಲ್ಲ, ನಾನು ದಂಡನಾಯಕ, ಆ ಮಾತನ್ನು ನಾನು ಮನಸಾರೆ ಹೇಳಿದ್ದು ಎಂದೆ. ಅದಕ್ಕೂ ನಕ್ಕರು, ಮೊದಲಿಗಿಂತ ಜೋರಾಗಿ. ಮನೆಗೆ ಬರುವಾಗ ಬಸ್ಸಿನಲ್ಲಿ ಶಿರಸ್ತ್ರಾಣ ಗಿರಿಜಾಳ ತೊಡೆಯ ಮೇಲಿತ್ತು. ಎಷ್ಟೋ ದಿನದ ಮೇಲೆ ನನ್ನ ಜೊತೆ ಒಂದು ಪೂರ್ತಿ ಮಾತನ್ನಾಡಿದಳು. 'ನಮ್ಮವ್ವ ಇದ್ದಿದ್ರೆ ಬಿದ್ದೂ ಬಿದ್ದೂ ನಗೋಳು ಕಣ್ರಿ. ಅಳಿಯ ಅಷ್ಟು ಜನದ ಮುಂದೆ ಇದು ಅತ್ತೇದು ಅಂದ ಅಂತ ಊರಿಗೆಲ್ಲ ಏಳ್ಕಂಡು ಬರೋಳು' ಎಂದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಈಗ ಯಳಂದೂರಿನಲ್ಲಿ ನಾಟಕ ಆಡಬೇಕೆಂದು ಕರೆ ಬಂದಿದೆ, ನನ್ನ ಆಫೀಸಿನವರ ಮುಂದೆಯೇ. ಎಸೆಯುವುದನ್ನು ಮೇಷ್ಟ್ರು ತೆಗೆದುಹಾಕಿ, ನನ್ನ ಆ 'ನಮ್ಮತ್ತೇದು' ಎಂಬ ಮಾತನ್ನು ನಾಟಕದೊಳಗೇ ಬರೆದುಬಿಟ್ಟಿದ್ದಾರೆ. ನನ್ನನ್ನೊಂದು ಮಾತು ಕೇಳಿದರೇ? ಇಲ್ಲ. ಮೊನ್ನೆ ರಿಹರ್ಸಲ್ಲಿನಲ್ಲಿ ಹತ್ತು ಸಲ ಅದನ್ನೇ ಹೇಳಿಸಿ, 'ಆವತ್ತಿನ ಸಿಟ್ಟು ಬತ್ತಾ ಇಲ್ಲ ಸಾ. ಸಿಟ್ಟಿಲ್ದೆ ಏಳ್ಬುಟ್ರೆ ಜನ ನಗಾಕಿಲ್ಲ. ಸಿಟ್ಟು ಬೇಕು ಸಾ, ಸಿಟ್ಟು' ಎಂದು ತಲೆ ಚಚ್ಚಿಕೊಂಡರು. ಪ್ರಯತ್ನ ಮಾಡುತ್ತಲೇ ಇದ್ದೇನೆ. ಇಷ್ಟು ಹೊತ್ತು ನಿಮ್ಮೊಡನೆ ಒಂದೇ ಉಸಿರಿನಲ್ಲಿ ಎಲ್ಲರ ಮೇಲೂ ಹರಿಹಾಯ್ದವನಿಗೆ, ಶಿರಸ್ತ್ರಾಣ ಎತ್ತಿ 'ಇದು ನಮ್ಮತ್ತೆ ಮನೇದು' ಅಂದ ಕೂಡಲೇ ಫಕ್ಕನೆ ನಗು ಬಂದುಬಿಡುತ್ತದೆ. ನಿನ್ನೆ ಮಗ್ಗದ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೆ. ಗಿರಿಜಾ ಲಾಳಿ ನಿಲ್ಲಿಸಿ ನೋಡಿದಳು. ತಂಗಿಯ ಮಗಳ ಸೀರೆಯಲ್ಲಿ ಗಿಳಿಗಳು ಒಂದು ಮೊಳ ಬಂದಿದ್ದವು.

'ಸಿಟ್ಟು ಬರ್ಲಿಲ್ವಾ? ಒಂದು ಕೆಲ್ಸ ಮಾಡಿ. ನಿಮ್ಮಾಫೀಸಿಂದ ಒಂದು ಕಟ್ಟು ಫೈಲು ತಂದ್ಕೊಡಿ. ನಾನೂ ಒಂದು ಶಿರಸ್ತ್ರಾಣ ಮಾಡ್ಕತೀನಿ' ಎಂದಳು.

ಸಿಟ್ಟು ಬರಲೇಬೇಕಾದ ಮಾತು. ಅದಕ್ಕೂ ನಗು ಬಂತು. ದಂಡನಾಯಕನ ಕೆಲಸ ಹೋಯಿತೆಂದೇ ಲೆಕ್ಕ.